ಬಯಲುಸೀಮೆಯ ಕಾವಲಿಯ ಮೇಲೆ ಏಡಿ ವಡೆ: ರುಚಿಗೆ ಮೊದಲು ತಿಳಿಯಬೇಕಾದದ್ದು

ಚಿತ್ರದುರ್ಗ: ಏಡಿ ಎಂದೊಡನೆ ಮಂಗಳೂರು, ಮಲ್ಪೆ, ಕಾರವಾರಗಳು ನೆನಪಾಗುವುದು ಸಹಜ. ಆದರೆ ಸಮುದ್ರದಿಂದ ಸುಮಾರು 200 ಕಿ.ಮೀ. ದೂರದಲ್ಲಿರುವ, ಬರದ ನಾಡೆಂದೇ ಹೆಸರಾದ ಚಿತ್ರದುರ್ಗ ಜಿಲ್ಲೆಗೂ ಏಡಿ ಹೊಸದಲ್ಲ. ಮುಂಗಾರಿನ ಮೊದಲ ಹದ ಮಳೆ ಬಿದ್ದ ರಾತ್ರಿ ಕೆರೆಯ ಅಂಗಳ, ಹಳ್ಳದ ದಂಡೆ, ಗದ್ದೆಯ ಬದುಗಳ ಬಿಲಗಳಿಂದ ಏಡಿಗಳು ಹೊರಬರುತ್ತವೆ. ಬ್ಯಾಟರಿ ಹಿಡಿದು ಅವನ್ನು ಆಯುವುದು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಭಾಗದ ಹಳ್ಳಿಗಳಲ್ಲಿ ಹಿಂದಿನಿಂದ ಬಂದ ರೂಢಿ. ಇಲ್ಲಿ ಏಡಿ ಎಂದರೆ ಸಾರು. ನೆಗಡಿ, ಕೆಮ್ಮಿಗೆ ಖಾರವಾಗಿ ಕುದಿಸಿದ ಸಾರು. ಅದನ್ನು ಬಿಡಿಸಿ, ತಟ್ಟಿ, ಕಾವಲಿಯ ಮೇಲೆ ಹುರಿದು ತಿನ್ನುವ ಕ್ರಮ ಮಾತ್ರ ಇತ್ತೀಚಿನದು. ನಗರಗಳ ಹೋಟೆಲುಗಳ ಮೆನುವಿನಲ್ಲಿ ‘ಕ್ರ್ಯಾಬ್ ಕೇಕ್’ ಎಂಬ ಹೆಸರಿನಲ್ಲಿ ದುಬಾರಿ ದರಕ್ಕೆ ಸಿಗುವ ಈ ಖಾದ್ಯವನ್ನು ಮನೆಯಲ್ಲೇ ಮಾಡಿಕೊಳ್ಳುವುದು ಕಷ್ಟವಲ್ಲ. ಆದರೆ ಯಾವ ಏಡಿ, ಎಲ್ಲಿಯ ಏಡಿ ಎಂಬ ಪ್ರಶ್ನೆಗೆ ಉತ್ತರ ಸಿಗದೆ ಒಲೆ ಹಚ್ಚುವುದು ಸರಿಯಲ್ಲ.

ಕೇಕ್ ಎಂಬ ಹೆಸರು ಕೇಳಿ ಸಿಹಿತಿಂಡಿ ಎಂದು ಭಾವಿಸಬೇಕಿಲ್ಲ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಚೆಸಪೀಕ್ ಕೊಲ್ಲಿಯ ದಂಡೆಯಲ್ಲಿ ರೂಢಿಗೆ ಬಂದ ಈ ತಿನಿಸು ನಮ್ಮ ವಡೆ, ಕಟ್ಲೆಟ್‌ಗಳ ಹತ್ತಿರದ ಸಂಬಂಧಿ. ಅಲ್ಲಿನ ನೀಲಿ ಏಡಿಯ ತಿರುಳಿಗೆ ಮೊಟ್ಟೆ, ಬಿಸ್ಕತ್ತಿನ ಪುಡಿ, ಸಾಸಿವೆ ಬೆರೆಸಿ ಬಿಲ್ಲೆಯಂತೆ ತಟ್ಟಿ ಹುರಿಯುತ್ತಾರೆ. 1939ರಲ್ಲಿ ನ್ಯೂಯಾರ್ಕ್‌ನ ವಿಶ್ವ ಮೇಳದ ಸಂದರ್ಭದಲ್ಲಿ ಪ್ರಕಟವಾದ ಪಾಕಪುಸ್ತಕವೊಂದರಲ್ಲಿ ಬಾಲ್ಟಿಮೋರ್‌ನ ಹೆಸರಿನೊಂದಿಗೆ ಇದು ಕಾಣಿಸಿಕೊಂಡ ನಂತರ ಜನಪ್ರಿಯತೆ ಹೆಚ್ಚಿತು. ಈ ಲೇಖನದಲ್ಲಿ ಅದನ್ನು ಏಡಿ ವಡೆ ಎಂದೇ ಕರೆಯಲಾಗಿದೆ.

ಮಾರಿಕಣಿವೆಯ ನೀರು, ಗದ್ದೆಯ ಬಿಲ

ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಿಂದ 1907ರ ಅವಧಿಯಲ್ಲಿ ಮೈಸೂರು ಸಂಸ್ಥಾನ ಕಟ್ಟಿಸಿದ ವಾಣಿವಿಲಾಸ ಸಾಗರ ಈ ಭಾಗದ ದೊಡ್ಡ ಜಲಾಶಯ. 130 ಅಡಿ ಎತ್ತರದವರೆಗೆ ನೀರು ನಿಲ್ಲಿಸಬಲ್ಲ ಈ ಜಲಾಶಯ 1933ರಲ್ಲಿ ಒಮ್ಮೆ ತುಂಬಿತ್ತು. ಮತ್ತೆ ಕೋಡಿ ಬೀಳಲು 2022ರ ಸೆಪ್ಟೆಂಬರ್‌ವರೆಗೆ, ಅಂದರೆ 89 ವರ್ಷ ಕಾಯಬೇಕಾಯಿತು. 2025ರ ಜನವರಿಯಲ್ಲಿ ಭದ್ರೆಯ ನೀರಿನ ನೆರವಿನಿಂದ ಮತ್ತೊಮ್ಮೆ ತುಂಬಿತು. ನೀರು ಬಂದಲ್ಲಿಗೆ ಮೀನು, ಏಡಿಗಳೂ ಬರುತ್ತವೆ. ಮೀನುಗಾರರ ಬಲೆಗೆ ಮೀನಿನೊಂದಿಗೆ ಏಡಿ ಬೀಳುವುದು ಸಾಮಾನ್ಯ. ಬಲೆಯನ್ನು ಕತ್ತರಿಸುವ ಅದರ ಕೊಂಡಿಗಳಿಗೆ ಮೀನುಗಾರರ ಶಾಪವೂ ಅಷ್ಟೇ ಸಾಮಾನ್ಯ.

ಕರಾವಳಿಯ ಏಡಿಗೂ ಬಯಲುಸೀಮೆಯ ಏಡಿಗೂ ಹೆಸರೊಂದೇ, ಬದುಕು ಬೇರೆ. ತುಳುವಿನಲ್ಲಿ ಡೆಂಜಿ, ಕೊಂಕಣಿಯಲ್ಲಿ ಕುರ್ಲಿ ಎಂದು ಕರೆಸಿಕೊಳ್ಳುವ ಸಮುದ್ರದ ಏಡಿ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಮರಿಗಳು ಹಲವು ಹಂತ ದಾಟಿ, ನೀರಿನಲ್ಲಿ ತೇಲಿ ಬೆಳೆಯುತ್ತವೆ. ಹಳೇ ಮೈಸೂರಿನವರು ನಳ್ಳಿ ಎನ್ನುವ ಸಿಹಿನೀರಿನ ಏಡಿ ಹಾಗಲ್ಲ. ಅದು ಇಡುವ ಮೊಟ್ಟೆಗಳ ಸಂಖ್ಯೆ ಕಡಿಮೆ. ಮೊಟ್ಟೆಯೊಡೆದು ಬರುವುದೇ ಪುಟ್ಟ ಏಡಿ, ಮತ್ತು ಆ ಮರಿಗಳನ್ನು ತಾಯಿ ಹೊಟ್ಟೆಯ ಕೆಳಗಿನ ಮಡಿಕೆಯಲ್ಲಿ ಕೆಲಕಾಲ ಹೊತ್ತು ತಿರುಗುತ್ತದೆ. ಆದ್ದರಿಂದ ಮಳೆಗಾಲದ ಆರಂಭದಲ್ಲಿ ಒಂದು ಹೆಣ್ಣು ಏಡಿಯನ್ನು ಹಿಡಿದರೆ ಆ ಹಳ್ಳದ ಒಂದು ಸಂಸಾರವನ್ನೇ ಹಿಡಿದಂತೆ. ಹೆಣ್ಣನ್ನು ಗುರುತಿಸುವುದು ಸುಲಭ. ಏಡಿಯನ್ನು ಮಗುಚಿದಾಗ ಹೊಟ್ಟೆಯ ಮೇಲೆ ಕಾಣುವ ಮಡಿಕೆ ಅಗಲವಾಗಿ, ಅರ್ಧವೃತ್ತದಂತಿದ್ದರೆ ಹೆಣ್ಣು; ಕಿರಿದಾಗಿ ಮೊನಚಾಗಿದ್ದರೆ ಗಂಡು. ಮಡಿಕೆಯೊಳಗೆ ಮೊಟ್ಟೆ ಅಥವಾ ಮರಿ ಕಂಡರೆ ಬಿಟ್ಟುಬಿಡುವುದು ಲೇಸು.

ಇನ್ನೊಂದು ಸಂಗತಿ ಗಮನಾರ್ಹ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ದಿನಗಳಲ್ಲಿ ಹೊಳಲ್ಕೆರೆ ಮಾರ್ಗವಾಗಿಯೋ ಬೆಂಗಳೂರಿನ ಕಡೆಯಿಂದಲೋ ದುರ್ಗಕ್ಕೆ ಬರುವ ಸಮುದ್ರದ ಏಡಿ ವಿರಳವಾಗುತ್ತದೆ, ಬೆಲೆಯೂ ಏರುತ್ತದೆ. ಗದ್ದೆಯ ಏಡಿ ಹೊರಬರುವುದೂ ಅದೇ ದಿನಗಳಲ್ಲಿ. ಬೆಳೆಗೆ ಔಷಧಿ ಸಿಂಪಡಿಸುವ ದಿನಗಳು ಅದರ ಬೆನ್ನಿಗೇ ಬರುತ್ತವೆ. ತೊಡಕು ಇರುವುದು ಇಲ್ಲಿಯೇ.

ಹಂದಿಗೋಡು ಕಲಿಸಿದ್ದು

ಏಡಿಯ ವಿಚಾರದಲ್ಲಿ ಕರ್ನಾಟಕ ಮರೆಯಲಾಗದ ಹೆಸರು ಹಂದಿಗೋಡು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಈ ಗ್ರಾಮದಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಸೊಂಟ, ಮಂಡಿಗಳ ಕೀಲು ಸವೆದು ಜನರು ನಡೆಯಲಾರದಂತಾಗುವ ವಿಚಿತ್ರ ಕಾಯಿಲೆ ಬೆಳಕಿಗೆ ಬಂತು. ಬಳಲಿದವರಲ್ಲಿ ಬಹುತೇಕರು ಗದ್ದೆಯ ಕೂಲಿಯನ್ನೇ ನಂಬಿದ್ದ ಬಡ ದಲಿತ ಕುಟುಂಬದವರು. ಗದ್ದೆಗೆ ಸಿಂಪಡಿಸಿದ ಕೀಟನಾಶಕದಿಂದ ಸತ್ತ ಏಡಿ, ಮೀನುಗಳನ್ನು ತಿಂದದ್ದೇ ಕಾರಣವೆಂಬ ಅನುಮಾನ ಆಗ ವ್ಯಾಪಕವಾಗಿ ಹಬ್ಬಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಬಂದು ಅಧ್ಯಯನ ನಡೆಸಿದರು. ನಂತರದ ವರ್ಷಗಳ ಎಕ್ಸ್‌ರೇ ಮತ್ತು ವಂಶಾವಳಿಯ ಅಧ್ಯಯನಗಳು, ಇದು ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಬರುವ ಮೂಳೆ ಬೆಳವಣಿಗೆಯ ಆನುವಂಶಿಕ ದೋಷ ಎಂಬ ನಿರ್ಣಯದತ್ತ ಸಾಗಿದವು.

ಅಂದರೆ ಹಂದಿಗೋಡಿನ ಕಾಯಿಲೆಗೆ ಏಡಿ ಕಾರಣವೆಂದು ಇಂದು ಹೇಳುವಂತಿಲ್ಲ. ಏಡಿ ತಿಂದವರಿಗೆ ಕಾಲು ಹೋಗುತ್ತದೆ ಎಂಬ ಮಾತು ಈಗಲೂ ಅಲ್ಲಲ್ಲಿ ಕೇಳಿಬರುತ್ತದೆ, ಅದಕ್ಕೆ ಆಧಾರವಿಲ್ಲ. ಆದರೆ ಅಂದು ಎದ್ದ ಅನುಮಾನವನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಏಡಿ ಮತ್ತು ಕೀಟಗಳೆರಡೂ ಸಂಧಿಪದಿ ವರ್ಗಕ್ಕೆ ಸೇರಿದ ಜೀವಿಗಳು. ಕೀಟವನ್ನು ಕೊಲ್ಲಲೆಂದೇ ತಯಾರಿಸಿದ ವಿಷ ಏಡಿಯನ್ನೂ ಸುಲಭವಾಗಿ ಕೊಲ್ಲುತ್ತದೆ. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳಂತೂ ಮನುಷ್ಯನಿಗಿಂತ ಏಡಿ, ಸಿಗಡಿಗಳಿಗೆ ಹಲವು ಪಟ್ಟು ಮಾರಕ. 2018ರಲ್ಲಿ ಶಿವಮೊಗ್ಗ ಭಾಗದ ಮೆಕ್ಕೆಜೋಳದ ಹೊಲಗಳಲ್ಲಿ ದೇಶದಲ್ಲೇ ಮೊದಲ ಬಾರಿಗೆ ಫಾಲ್ ಸೈನಿಕ ಹುಳು ಪತ್ತೆಯಾದ ನಂತರ ನೆರೆಯ ಹೊಳಲ್ಕೆರೆ, ಚಿತ್ರದುರ್ಗ ತಾಲ್ಲೂಕುಗಳ ಮೆಕ್ಕೆಜೋಳಕ್ಕೂ ಸಿಂಪಡಣೆ ಅನಿವಾರ್ಯವಾಯಿತು. ಹೊಲದ ನೀರು ಹರಿದು ಸೇರುವುದು ಏಡಿ ಇರುವ ಹಳ್ಳಕ್ಕೇ.

ಹಾಗಾದರೆ ಮಾಡಬೇಕಾದುದೇನು? ಸತ್ತು ತೇಲುವ, ಹಗಲಿನಲ್ಲೇ ಬಿಲದಿಂದ ಹೊರಬಿದ್ದು ತೂಕಡಿಸುವ, ಮುಟ್ಟಿದರೂ ಕೊಂಡಿ ಎತ್ತದ ಏಡಿಯನ್ನು ಎಂದಿಗೂ ಆಯಬಾರದು. ಔಷಧಿ ಸಿಂಪಡಿಸಿದ ಹೊಲದ ಆಸುಪಾಸಿನ ಕಾಲುವೆ, ಪಟ್ಟಣದ ಚರಂಡಿ ಸೇರುವ ಕೆರೆಗಳ ಏಡಿಯೂ ಬೇಡ. ಏಡಿಯ ಚಿಪ್ಪು ತೆರೆದಾಗ ಕಾಣುವ ಹಳದಿ ಬಣ್ಣದ ಮೆತ್ತನೆಯ ಭಾಗವನ್ನು ಹಲವರು ರುಚಿಯೆಂದು ಉಳಿಸಿಕೊಳ್ಳುತ್ತಾರೆ. ಅದು ಏಡಿಯ ಯಕೃತ್ತಿನಂತೆ ಕೆಲಸ ಮಾಡುವ ಅಂಗ. ನೀರಿನಲ್ಲಿರುವ ಕ್ಯಾಡ್ಮಿಯಂನಂತಹ ಲೋಹಗಳು, ಕೊಬ್ಬಿನಲ್ಲಿ ಕರಗುವ ವಿಷಗಳು ಮೊದಲು ಸಂಗ್ರಹವಾಗುವುದು ಅಲ್ಲಿಯೇ. ಗದ್ದೆ, ಕೆರೆಯ ಏಡಿಯಲ್ಲಿ ಅದನ್ನು ತೆಗೆದು ಬಿಸಾಡಬೇಕು. ಕುದಿಸುವುದರಿಂದ ರೋಗಾಣು ಸಾಯುತ್ತದೆಯೇ ಹೊರತು ಲೋಹ ಹೋಗುವುದಿಲ್ಲ.

ಹಸಿ ರಸ ಔಷಧಿಯಲ್ಲ

ಗದ್ದೆಯ ಏಡಿಯಲ್ಲಿ ತಿರುಳು ಅತ್ಯಲ್ಪ. ಹೀಗಾಗಿ ಅದನ್ನು ಕಾಲು, ಚಿಪ್ಪು ಸಮೇತ ಒರಳಿನಲ್ಲಿ ಕುಟ್ಟಿ, ರಸ ಸೋಸಿ, ಸಾರಿಗೆ ಬಳಸುವುದು ನಮ್ಮ ಹಳ್ಳಿಗಳ ಜಾಣ್ಮೆ. ರಸ ಚೆನ್ನಾಗಿ ಕುದಿದರೆ ತೊಂದರೆಯಿಲ್ಲ. ಆದರೆ ಕೆಮ್ಮಿಗೆ ಒಳ್ಳೆಯದೆಂದು ಅರೆಬೆಂದ ಅಥವಾ ಹಸಿ ರಸ ಕುಡಿಯುವುದು ಅಪಾಯಕರ. ಸಿಹಿನೀರಿನ ಏಡಿಗಳಲ್ಲಿ ಪ್ಯಾರಾಗೊನಿಮಸ್ ಎಂಬ ಚಪ್ಪಟೆ ಹುಳುವಿನ ಮರಿಗಳು ಅಡಗಿರಬಹುದು. ಹಸಿ ಏಡಿಯ ಮೂಲಕ ದೇಹ ಸೇರಿದ ಅವು ಕರುಳಿನ ಗೋಡೆ ಕೊರೆದು ಶ್ವಾಸಕೋಶ ತಲುಪಿ ನೆಲೆಸುತ್ತವೆ. ತಿಂಗಳುಗಟ್ಟಲೆ ಕೆಮ್ಮು, ಕಫದಲ್ಲಿ ರಕ್ತ ಇದರ ಲಕ್ಷಣ. ಕ್ಷಯವನ್ನು ಹೋಲುವ ಕಾರಣ ರೋಗಿ ಕ್ಷಯದ ಮಾತ್ರೆ ನುಂಗುತ್ತಾ ಕಾಲ ಕಳೆದ ಪ್ರಕರಣಗಳು ಮಣಿಪುರ, ನಾಗಾಲ್ಯಾಂಡ್, ಅರುಣಾಚಲ ಪ್ರದೇಶಗಳಿಂದ ವರದಿಯಾಗಿವೆ. ಕೊರಿಯಾದಲ್ಲಿ ದಡಾರಕ್ಕೆ ಮದ್ದೆಂದು ಮಕ್ಕಳಿಗೆ ಸಿಹಿನೀರಿನ ಸಿಗಡಿ ಜಾತಿಯ ಹಸಿ ರಸ ಕುಡಿಸುತ್ತಿದ್ದುದು ಈ ರೋಗ ಹಬ್ಬಲು ಒಂದು ಕಾರಣವಾಗಿತ್ತು. ಕೆಮ್ಮಿಗೆಂದು ಕುಡಿದದ್ದು ಕೆಮ್ಮನ್ನೇ ತಂದರೆ ಏನು ಮಾಡುವುದು?

ಹಸಿ ಏಡಿ ಕುಟ್ಟಿದ ಒರಳು, ಮಿಕ್ಸಿ ಜಾರ್, ಕತ್ತರಿಸಿದ ಮಣೆ, ಕೈಗಳನ್ನು ಸೋಪು, ಬಿಸಿನೀರಿನಿಂದ ತೊಳೆಯದೆ ಅದರಲ್ಲೇ ಕೊಸಂಬರಿಗೆ ಸೌತೆಕಾಯಿ ಹೆಚ್ಚುವುದೂ ಹಸಿ ಏಡಿ ತಿಂದಂತೆಯೇ. ವಡೆ ಮಾಡುವವರಿಗೆ ಒಂದು ಅನುಕೂಲವಿದೆ: ಇಲ್ಲಿ ಏಡಿ ಎರಡು ಬಾರಿ ಬೇಯುತ್ತದೆ, ಮೊದಲು ನೀರಿನಲ್ಲಿ, ಅನಂತರ ಕಾವಲಿಯಲ್ಲಿ.

ಏಡಿ, ಸಿಗಡಿ ತಿಂದಾಗ ತುಟಿ ಊದಿಕೊಳ್ಳುವ, ಮೈ ತುರಿಸುವ, ಉಸಿರು ಕಟ್ಟುವ ಅನುಭವ ಇರುವವರು ಇದರ ಗೊಡವೆಗೇ ಹೋಗಬಾರದು. ಅಲರ್ಜಿ ಉಂಟುಮಾಡುವ ಪ್ರೋಟೀನು ಕುದಿಸಿದರೂ ನಾಶವಾಗುವುದಿಲ್ಲ.

ಕೊಳ್ಳುವಾಗ

ವಡೆಗೆ ಸಮುದ್ರದ ಏಡಿಯೇ ಸೂಕ್ತ ಎಂಬುದು ಈ ವರದಿಗಾರನ ಅಭಿಪ್ರಾಯ. ಒಂದು ಕಿಲೋ ಏಡಿ ಬೇಯಿಸಿ ಬಿಡಿಸಿದರೆ ಕಾಲು ಕಿಲೋ ತಿರುಳು ಸಿಕ್ಕಿದರೆ ಹೆಚ್ಚು. ಗದ್ದೆಯ ಏಡಿಯಲ್ಲಿ ಅಷ್ಟು ತಿರುಳು ತೆಗೆಯಲು ಇಡೀ ದಿನ ಕೂರಬೇಕಾದೀತು. ಕೆಲವರು ಅದಕ್ಕೆ ಬೇಯಿಸಿದ ಆಲೂಗಡ್ಡೆ ಸೇರಿಸಿ ಹಿಗ್ಗಿಸುತ್ತಾರೆ. ತಪ್ಪೇನಿಲ್ಲ, ಆದರೆ ಆಲೂಗಡ್ಡೆ ಹೆಚ್ಚಾದರೆ ಅದನ್ನು ಆಲೂ ಕಟ್ಲೆಟ್ ಎನ್ನುವುದೇ ಪ್ರಾಮಾಣಿಕತೆ.

ಜೀವಂತ ಏಡಿ ಸಿಕ್ಕರೆ ಉತ್ತಮ. ಐಸ್‌ನಲ್ಲಿಟ್ಟದ್ದಾದರೆ ಮೂಸಿ ನೋಡಬೇಕು. ಸಮುದ್ರದ ನೀರಿನ ವಾಸನೆ ಸಹಜ, ಅಮೋನಿಯಾದ ಘಾಟು ಬಂದರೆ ಬೇಡ. ಸತ್ತ ಏಡಿಯ ದೇಹವನ್ನು ಅದರದೇ ಜೀರ್ಣರಸಗಳು ಮತ್ತು ಬ್ಯಾಕ್ಟೀರಿಯಾ ಮೀನಿಗಿಂತ ಬೇಗ ಕೆಡಿಸುತ್ತವೆ. ಒಂದೇ ಗಾತ್ರದ ಎರಡರಲ್ಲಿ ತೂಕ ಹೆಚ್ಚಿರುವುದನ್ನು ಆರಿಸಬೇಕು. ಹಗುರವಾದದ್ದು ಆಗಷ್ಟೇ ಚಿಪ್ಪು ಕಳಚಿ ಹೊಸದು ತೊಟ್ಟ ಏಡಿ. ಅದರೊಳಗೆ ನೀರೇ ಹೆಚ್ಚು. ಸೂಪರ್ ಮಾರ್ಕೆಟ್‌ಗಳಲ್ಲಿ ಕೆಂಪು, ಬಿಳಿ ಬಣ್ಣದ ‘ಕ್ರ್ಯಾಬ್ ಸ್ಟಿಕ್’ ಹೆಸರಿನಲ್ಲಿ ಸಿಗುವುದು ಸಾಮಾನ್ಯವಾಗಿ ಮೀನಿನ ಹಿಟ್ಟಿನಿಂದ ಮಾಡಿದ ಸರಕು. ಪೊಟ್ಟಣದ ಹಿಂಬದಿ ಓದಿದರೆ ತಿಳಿಯುತ್ತದೆ.

ಮಾಡುವ ವಿಧಾನ

ಜೀವಂತ ಏಡಿಯನ್ನು ನೇರವಾಗಿ ಕುದಿನೀರಿಗೆ ಹಾಕಿದರೆ ಅದು ಹೊಯ್ದಾಡಿ ಕಾಲು ಕಳಚಿಕೊಳ್ಳುತ್ತದೆ, ನೀರು ಒಳಹೊಕ್ಕು ತಿರುಳು ಸಪ್ಪೆಯಾಗುತ್ತದೆ. ಅರ್ಧ ಗಂಟೆ ಐಸ್‌ನಲ್ಲಿ ಇಟ್ಟರೆ ಮಂಪರು ಕವಿಯುತ್ತದೆ. ಅದಕ್ಕೆ ಹಿಂಸೆ ಕಡಿಮೆ, ಅಡುಗೆಯವರಿಗೆ ಕೊಂಡಿಯ ಭಯವೂ ಇಲ್ಲ. ಅನಂತರ ಬ್ರಷ್‌ನಿಂದ ಉಜ್ಜಿ ತೊಳೆದು, ಉಪ್ಪು, ಅರಿಸಿನ ಹಾಕಿದ ಕುದಿಯುವ ನೀರಿನಲ್ಲಿ 12ರಿಂದ 15 ನಿಮಿಷ ಬೇಯಿಸಬೇಕು. ಚಿಪ್ಪು ಕೆಂಪಾಗುವುದಷ್ಟೇ ಬೆಂದ ಗುರುತಲ್ಲ. ತಿರುಳು ಪಾರದರ್ಶಕತೆ ಕಳೆದುಕೊಂಡು ಪೂರ್ತಿ ಬೆಳ್ಳಗಾಗಿರಬೇಕು.

ಆರಿದ ಮೇಲೆ ಹೊಟ್ಟೆಯ ಮಡಿಕೆ ಕಿತ್ತು, ಮೇಲಿನ ಚಿಪ್ಪು ಬಿಡಿಸಿ, ಎರಡೂ ಬದಿಯಲ್ಲಿ ಬೆರಳಿನಂತೆ ಸಾಲಾಗಿರುವ ಬೂದು ಬಣ್ಣದ ಕಿವಿರುಗಳನ್ನು ತೆಗೆದುಹಾಕಬೇಕು. ಅವು ತಿನ್ನಲು ಬಾರವು. ದೇಹವನ್ನು ಎರಡು ಹೋಳು ಮಾಡಿ, ಕಡ್ಡಿ ಅಥವಾ ಸಣ್ಣ ಚಮಚದ ಹಿಡಿಯಿಂದ ಗೂಡುಗಳೊಳಗಿನ ತಿರುಳನ್ನು ಕೆದಕಬೇಕು. ಕೊಂಡಿಗಳನ್ನು ಗುಂಡುಕಲ್ಲಿನಿಂದ ಮೆಲ್ಲನೆ ಒಡೆದರೆ ಸಾಕು, ಜಜ್ಜಿದರೆ ಚೂರುಗಳು ಬೆರೆಯುತ್ತವೆ. ಬಿಡಿಸಿದ ತಿರುಳನ್ನು ತಟ್ಟೆಯಲ್ಲಿ ಹರಡಿ ಬೆರಳಾಡಿಸಿ ಚಿಪ್ಪಿನ ಚೂರು ಹುಡುಕುವ ಕೆಲಸಕ್ಕೆ ಹತ್ತು ನಿಮಿಷವಾದರೂ ಮೀಸಲಿಡಬೇಕು. ಮಕ್ಕಳಿರುವ ಮನೆಯಲ್ಲಿ ಎರಡು ಬಾರಿ ಹುಡುಕಿದರೂ ಅತಿಯಲ್ಲ.

ವಡೆ ಒಡೆಯಲು ಮುಖ್ಯ ಕಾರಣ ನೀರು. ಆದ್ದರಿಂದ ತಿರುಳನ್ನು ತೆಳ್ಳನೆಯ ಬಟ್ಟೆಯಲ್ಲಿ ಕಟ್ಟಿ ಮೃದುವಾಗಿ ಹಿಂಡಬೇಕು. ಕಾಲು ಕಿಲೋ ತಿರುಳಿಗೆ ಒಂದು ಮೊಟ್ಟೆ, ಮೂರು ದೊಡ್ಡ ಚಮಚ ಹುರಿಗಡಲೆ ಹಿಟ್ಟು, ಸಣ್ಣಗೆ ಹೆಚ್ಚಿದ ಒಂದು ಚಿಕ್ಕ ಈರುಳ್ಳಿ, ಎರಡು ಹಸಿಮೆಣಸಿನಕಾಯಿ, ಅರ್ಧ ಅಂಗುಲ ಶುಂಠಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಅರ್ಧ ಚಮಚ ಕಾಳುಮೆಣಸಿನ ಪುಡಿ, ಅರ್ಧ ಹೋಳು ನಿಂಬೆಯ ರಸ. ಬೇಯಿಸುವಾಗಲೇ ಉಪ್ಪು ಹಾಕಿರುವುದರಿಂದ ರುಚಿ ನೋಡಿ ಚಿಟಿಕೆ ಸೇರಿಸಿದರೆ ಸಾಕು. ಆದರೆ ರುಚಿ ನೋಡುವುದು ಹಸಿ ಮೊಟ್ಟೆ ಬೆರೆಸುವ ಮೊದಲು. ಈರುಳ್ಳಿ ಹೆಚ್ಚಾದರೆ ನೀರು ಬಿಡುತ್ತದೆ. ಈರುಳ್ಳಿ ಬೆಳೆಯುವ ಜಿಲ್ಲೆಯವರಿಗೆ ಕೈ ತಡೆಯುವುದು ಕಷ್ಟವೇ ಸರಿ, ಆದರೂ ಒಂದನ್ನು ಮೀರಬಾರದು.

ಅಮೆರಿಕದವರು ಬಳಸುವ ಬಿಸ್ಕತ್ತಿನ ಪುಡಿಗೆ ಬದಲಾಗಿ ಹುರಿಗಡಲೆ ಹಿಟ್ಟು ಸೂಚಿಸಲು ಕಾರಣವಿದೆ. ಅದು ಆಗಲೇ ಹುರಿದದ್ದಾದ್ದರಿಂದ ಹಸಿ ವಾಸನೆ ಇರುವುದಿಲ್ಲ, ತೇವವನ್ನು ಬೇಗ ಹೀರುತ್ತದೆ. ಕಡಲೆಹಿಟ್ಟು ಹಾಕಿದರೆ ಏಡಿಯ ರುಚಿ ಮುಚ್ಚಿ ಬಜ್ಜಿಯ ರುಚಿ ಬರುತ್ತದೆ. ಮೈದಾ ಅಂಟುತ್ತದೆ. ಗರಂ ಮಸಾಲೆಯೂ ಬೇಡ. ಏಡಿಯ ತಿರುಳಿಗೆ ತನ್ನದೇ ಸಣ್ಣ ಸಿಹಿಯಿದೆ, ಲವಂಗ, ಚಕ್ಕೆಗಳ ಮುಂದೆ ಅದು ನಿಲ್ಲುವುದಿಲ್ಲ.

ಎಲ್ಲವನ್ನೂ ಬೆರಳ ತುದಿಯಲ್ಲಿ ಹಗುರವಾಗಿ ಕಲಸಬೇಕು, ನಾದಬಾರದು. ತಿರುಳಿನ ಎಳೆಗಳು ಉಳಿದರೆ ಮಾತ್ರ ತಿನ್ನುವಾಗ ಏಡಿ ಎಂಬುದು ತಿಳಿಯುತ್ತದೆ. ಮುಕ್ಕಾಲು ಅಂಗುಲ ದಪ್ಪದ ಏಳೆಂಟು ಬಿಲ್ಲೆಗಳಾಗಿ ತಟ್ಟಿ, ತಟ್ಟೆಯಲ್ಲಿ ಜೋಡಿಸಿ, ಅರ್ಧ ಗಂಟೆ ಫ್ರಿಜ್‌ನಲ್ಲಿ ಇಡಬೇಕು. ಈ ಹಂತವನ್ನು ಬಿಟ್ಟವರ ವಡೆಗಳೇ ಕಾವಲಿಯಲ್ಲಿ ಚೆಲ್ಲಾಪಿಲ್ಲಿಯಾಗುವುದು. ಆ ಅವಧಿಯಲ್ಲಿ ಹಿಟ್ಟು ತೇವವನ್ನು ಹೀರಿ ಗಟ್ಟಿಯಾಗುತ್ತದೆ. ಕಾವಲಿಗೆ ಹಾಕಿದಾಗ ಮೊಟ್ಟೆಯ ಪ್ರೋಟೀನು ಗಟ್ಟಿಕಟ್ಟಿ ಬಿಲ್ಲೆಯನ್ನು ಹಿಡಿಯುವವರೆಗೆ ಆಕಾರ ಉಳಿಯುತ್ತದೆ.

ಚೆನ್ನಾಗಿ ಪಳಗಿದ ಕಬ್ಬಿಣದ ದೋಸೆ ಕಾವಲಿ ಇದಕ್ಕೆ ಹೇಳಿ ಮಾಡಿಸಿದ ಪಾತ್ರೆ. ಎಣ್ಣೆಗೆ ದೂರ ಹೋಗಬೇಕಿಲ್ಲ. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆ ಇದೇ ಜಿಲ್ಲೆಯದು. ಶೇಂಗಾ ಎಣ್ಣೆ ಹೆಚ್ಚು ಕಾವನ್ನು ತಡೆಯುತ್ತದೆ, ಏಡಿಗೆ ಹೊಂದುತ್ತದೆ. ಹೊಸದುರ್ಗ, ಹಿರಿಯೂರು ಕಡೆಯ ತೆಂಗಿನ ತೋಟದವರು ಕೊಬ್ಬರಿ ಎಣ್ಣೆ ಬಳಸಿದರೆ ಕರಾವಳಿಯ ಪರಿಮಳ ಬರುತ್ತದೆ. ಮಧ್ಯಮ ಉರಿಯಲ್ಲಿ ಎರಡು, ಮೂರು ಚಮಚ ಎಣ್ಣೆ ಕಾಯಿಸಿ, ಒಮ್ಮೆಗೆ ನಾಲ್ಕು ಬಿಲ್ಲೆಗಿಂತ ಹೆಚ್ಚು ಇಡದೆ, ಒಂದು ಬದಿಗೆ ನಾಲ್ಕು ನಿಮಿಷ ಬಿಡಬೇಕು. ಅಂಚು ಕಂದು ಬಣ್ಣಕ್ಕೆ ತಿರುಗಿ ಬಿಲ್ಲೆ ತಾನಾಗಿ ಕಾವಲಿ ಬಿಡುವವರೆಗೆ ಮಗುಚುಕೈ ಹಾಕಬಾರದು. ಒಮ್ಮೆ ಮಾತ್ರ ತಿರುವಿ, ಇನ್ನೂ ನಾಲ್ಕು ನಿಮಿಷ. ಬಾಣಲೆಯಲ್ಲಿ ಮುಳುಗಿಸಿ ಕರಿಯಲೂಬಹುದು, ಆದರೆ ಆಗ ಒಳಗಿನ ತೇವ ಆವಿಯಾಗಿ ಹೋಗಿ ವಡೆ ಒಣಗುತ್ತದೆ. 100 ಗ್ರಾಂ ಏಡಿಯಲ್ಲಿ ಸುಮಾರು 18 ಗ್ರಾಂ ಪ್ರೋಟೀನು, ಕೊಬ್ಬು ಒಂದೆರಡು ಗ್ರಾಂ ಮಾತ್ರ. ಅಂತಹ ಆಹಾರಕ್ಕೆ ಎಣ್ಣೆ ಕುಡಿಸುವುದರಲ್ಲಿ ಅರ್ಥವಿಲ್ಲ.

ನಿಂಬೆ ಹೋಳು, ಹಸಿ ಈರುಳ್ಳಿಯೊಂದಿಗೆ ಬಿಸಿಯಾಗಿ ಬಡಿಸಬೇಕು. ಜೋಳದ ರೊಟ್ಟಿಯ ನಡುವೆ ಒಂದು ವಡೆ, ಸ್ವಲ್ಪ ಶೇಂಗಾ ಚಟ್ನಿಪುಡಿ ಇಟ್ಟು ಸುತ್ತಿ ತಿಂದರೆ ಮೇರಿಲ್ಯಾಂಡಿನವರೂ ತಲೆದೂಗಬಹುದು. ತಟ್ಟಿದ ಹಸಿ ಬಿಲ್ಲೆಗಳನ್ನು ಫ್ರಿಜ್‌ನಲ್ಲಿ ಒಂದು ದಿನಕ್ಕಿಂತ ಹೆಚ್ಚು ಇಡಬಾರದು. ಹುರಿದು ಉಳಿದದ್ದನ್ನು ಕಾವಲಿಯಲ್ಲೇ ಮತ್ತೆ ಬಿಸಿ ಮಾಡಬೇಕು. ವಿದ್ಯುತ್ ಕೈಕೊಡುವ ಊರುಗಳಲ್ಲಿ ಉಳಿಸುವ ಯೋಚನೆಯನ್ನೇ ಮಾಡದಿರುವುದು ಕ್ಷೇಮ.

ಬಿಡಿಸಿದ ನಂತರ ಉಳಿಯುವ ಚಿಪ್ಪು, ಕಾಲುಗಳನ್ನು ಎಸೆಯಬೇಕಿಲ್ಲ. ಅವನ್ನು ಕಾವಲಿಯಲ್ಲಿ ಹುರಿದು, ಜಜ್ಜಿ, ಬೆಳ್ಳುಳ್ಳಿ, ಕಾಳುಮೆಣಸು ಸೇರಿಸಿ ಅರ್ಧ ಗಂಟೆ ಕುದಿಸಿ, ದಪ್ಪ ಬಟ್ಟೆಯಲ್ಲಿ ಎರಡು ಬಾರಿ ಸೋಸಿದರೆ ರಾಗಿ ಮುದ್ದೆಗೆ ಸಾರು ಸಿದ್ಧ.